ಒರೆ ಸೇರದ ಸಂಗೀನು

ನಮ್ಮ ಸುರೇಬಾನದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರು ಹೋದ ತಿಂಗಳು ತೀರಿಕೊಂಡರು. ಬೆಳಗಿನ ಚಹಾ ಕುಡಿದು ಪಡಸಾಲೆಯ ಕುರ್ಚಿಯಲ್ಲಿ ಕುಳಿತವರು ಕುಳಿತಂತೆಯೇ ಹೋದರು. ತೊಡೆಯ ಮೇಲೆ ಎಣ್ಣೆ ಹತ್ತಿದ ಬಟ್ಟೆಯ ತುಂಡೊಂದು ಇತ್ತು. ನೆರೆದವರೆಲ್ಲ ಪುಣ್ಯವಂತರ ಸಾವು ಎಂದರು. ಪುಣ್ಯದ ಮಾತು ಹಾಗಿರಲಿ, ಈ ಮನುಷ್ಯ ಕಡೆಗೂ ತನ್ನ ನಿಯಮ ಬಿಡಲಿಲ್ಲವಲ್ಲ ಎಂದು ನನಗೆ ಅಳುವಿನ ನಡುವೆಯೂ ನಗು ಬಂತು.

ಅವರ ನಿಯಮವೆಂದರೆ, ಅಂಜಿಕೆಯಾದಾಗ ಮೊದಲು ಕೂಡುವುದು. ಶಾಲೆಯ ಜವಾನ ಬಂದು ಹೆಡ್‌ಮಾಸ್ತರು ಕರೆಯುತ್ತಿದ್ದಾರೆ ಎಂದರೆ ಸಾಕು, ಎದ್ದು ಹೋಗುವುದರ ಬದಲು ಕುಳಿತುಬಿಡುವರು. ದಾರಿಯಲ್ಲಿ ನಡೆಯುತ್ತಿದ್ದಾಗ ಫೋನು ಬಂದರೆ ಯಾರದೋ ಕಟ್ಟೆ ಹುಡುಕಿ ಕುಳಿತು, ಆಮೇಲೆ ಎತ್ತುವರು. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುವವಳು, ಎಲ್ಲರ ಬಾಯಲ್ಲಿ ಅಕ್ಕಾರು, ಮೇಲಾಗಿ ಅವರ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ಬಾಯಿ ಜೋರು ಎಂದು ಊರಲ್ಲಿ ಹೆಸರು ಮಾಡಿದವಳು ಸುಮ್ಮನಿರುತ್ತೇನೆಯೇ? ಒಮ್ಮೆ ಕೇಳಿಯೇಬಿಟ್ಟೆ.

"ಏನ್ರಿ ಮಾಸ್ತರ, ಸುದ್ದಿ ಬಂತಂದ್ರ ಎಮ್ಮಿ ಹಂಗ ಕುಂತಬಿಡ್ತೀರಲ್ಲ?"

"ನಿಂತು ಕೇಳಿದ್ರ ಬೀಳತೇನಿ ಅಕ್ಕಾರ. ಕುಂತು ಕೇಳಿದ್ರ ಇನ್ನೆಲ್ಲಿಗಿ ಬೀಳೂದು?" ಎಂದರು, ಪ್ರಮೇಯ ಬಿಡಿಸಿ ಹೇಳುವ ದನಿಯಲ್ಲಿ.

ಅವರಿಗೆ ಅಂಜಿಕೆಯಿಲ್ಲದ ವಸ್ತು ಈ ಲೋಕದಲ್ಲಿ ಇರಲಿಲ್ಲ. ಬಸ್ಸು ಮಲಪ್ರಭೆಯ ಸೇತುವೆ ಹತ್ತಿತೆಂದರೆ ಕಣ್ಣು ಮುಚ್ಚಿಕೊಂಡು, "ದಾಟಿತೇನ್ರಿ? ದಾಟಿತೇನ್ರಿ?" ಎಂದು ಪಕ್ಕದವರನ್ನು ಕೇಳುವರು. ನಾಯಿಗಳೆಂದರೆ ಜೀವ ಹೋಗುತ್ತಿತ್ತು. ಅವು ಕಚ್ಚದಿರಲಿ ಎಂದು ಕಿಸೆಯಲ್ಲಿ ಚುರುಮುರಿ ಇಟ್ಟುಕೊಂಡು ದಾರಿಯುದ್ದಕ್ಕೂ ಚೆಲ್ಲುವರು. ಪಾಪದ ನಾಯಿಗಳಿಗೆ ಈ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿ ಶಾಲೆಯ ಗೇಟಿನ ತನಕ ಮೆರವಣಿಗೆಯಲ್ಲಿ ಬರುತ್ತಿದ್ದವು. ಮಾಸ್ತರು ಮುಂದೆ, ನಾಯಿಗಳು ಹಿಂದೆ. ಮಕ್ಕಳನ್ನು ಒಂದು ದಿನವೂ ಹೊಡೆಯಲಿಲ್ಲ, ಕೋಲು ಎಲ್ಲಿ ಕಣ್ಣಿಗೆ ತಗಲೀತೋ ಎಂಬ ಭಯ. ಆದರೂ ಅವರ ವರ್ಗದಲ್ಲಿ ಗದ್ದಲವಿರುತ್ತಿರಲಿಲ್ಲ. ಗದ್ದಲವಾದರೆ ಅವರ ಮುಖ ಎಷ್ಟು ಸಣ್ಣದಾಗುತ್ತಿತ್ತೆಂದರೆ ಹುಡುಗರೇ ಒಬ್ಬರನ್ನೊಬ್ಬರು ಸುಮ್ಮನಾಗಿಸುತ್ತಿದ್ದರು.

ಇಂಥವರ ಮನೆಯಲ್ಲಿ ಒಂದು ಸಂಗೀನು ಇತ್ತು. ಬಂದೂಕಿನ ತುದಿಗೆ ಸಿಕ್ಕಿಸುವ ಉದ್ದನೆಯ ಚೂರಿ, ಹೊಸಬರು ಬಯೋನೆಟ್ ಎನ್ನುತ್ತಾರೆ. ಮಾಸ್ತರ ಅಜ್ಜ ಬ್ರಿಟಿಷರ ಪಲ್ಟನ್ನಿನಲ್ಲಿ ಬರ್ಮಾದ ಕಡೆ ಹೋಗಿ ಜೀವಂತ ತಿರುಗಿ ಬಂದವನು. ಬರುವಾಗ ಇದನ್ನು ತಂದಿದ್ದ. ತೊಗಲಿನ ಒರೆ, ಅದರ ಬಾಯಿಗೂ ತುದಿಗೂ ಉಕ್ಕಿನ ಪಟ್ಟಿ, ಕಟ್ಟಿಗೆಯ ಹಿಡಿ. ಅಜ್ಜನ ಮಾತಿನ ಪ್ರಕಾರ ಅದನ್ನು ಒರೆಯಿಂದ ಬಿಚ್ಚಿದರೆ ನೆತ್ತರು ಕೇಳುತ್ತದೆ, ಉಣ್ಣಿಸದೆ ತಿರುಗಿ ಒಳಗೆ ಹಾಕುವಂತಿಲ್ಲ. ಅದಕ್ಕೆ ಅವನೇ ಒಂದು ದಾರಿಯನ್ನೂ ಮಾಡಿಟ್ಟಿದ್ದ. ಮಹಾನವಮಿಗೆ ಎಲ್ಲರ ಮನೆಯಲ್ಲಿ ಖಂಡೆಪೂಜೆ, ಅಂದರೆ ಆಯುಧಪೂಜೆ, ನಡೆಯುವಾಗ ಸಂಗೀನು ಬಿಚ್ಚಿ ಅದರಿಂದ ಒಂದು ನಿಂಬೆಹಣ್ಣು ಕೊಯ್ಯುವುದು. ಉಣ್ಣಿಸಿದ್ದನ್ನು ಕಸಿದುಕೊಂಡಂತೆ ಆಗಬಾರದೆಂದು ಅಲಗನ್ನು ಒರೆಸುತ್ತಿರಲಿಲ್ಲ, ರಸ ಹತ್ತಿದ್ದನ್ನು ಹಾಗೆಯೇ ಒಳಗೆ ಸೇರಿಸುವುದು.

ಮಾಸ್ತರ ತಂದೆಯ ಕಾಲಕ್ಕೆ ಮನೆ ಬುದ್ಧನ ದಾರಿ ಹಿಡಿಯಿತು. ಜಗಲಿಯ ಮೇಲಿನ ದೇವರುಗಳೆಲ್ಲ ಮಲಪ್ರಭೆಗೆ ಹೋದವು, ಗೋಡೆಗೆ ಬುದ್ಧನ ಪಟ ಬಂತು. ಸಂಗೀನು ಮತ್ತು ನಿಂಬೆಹಣ್ಣು ಮಾತ್ರ ಉಳಿದವು. ಅದು ಹೇಗೆ ಎಂದು ನಾನು ಮಾಸ್ತರ ತಾಯಿಯನ್ನು ಕೇಳಿದ್ದೆ. ಓಣಿಗೆಲ್ಲ ಅವರು ಆಯಿ. "ದೇವರನ್ನ ಬಿಡಾಕ ಬರತೈತಿ ನನ್ನವ್ವ, ಅಂಜಿಕಿ ಬಿಡಾಕ ಬರೂದಿಲ್ಲ" ಎಂದಿದ್ದರು.

ಆ ಮನೆಯಿಂದ ಸಿಪಾಯಿ ನೌಕರಿಗೆ ಹೊರಟವರು ಬಿಚ್ಚಿದ ಅಲಗನ್ನು ಮುಟ್ಟಿ ಹೋಗಬೇಕು ಎಂಬ ಇನ್ನೊಂದು ಪದ್ಧತಿಯೂ ಇತ್ತು. ಹಾಗೆ ಮುಟ್ಟಿ ಹೋದ ಚಿಕ್ಕಪ್ಪಂದಿರು ಪೆನ್ಶನ್ ತೆಗೆದುಕೊಂಡು ತಿರುಗಿ ಬಂದಿದ್ದರು. ಮಾಸ್ತರ ಅಣ್ಣ ಸೈನ್ಯಕ್ಕೆ ಹೊರಟ ವರ್ಷ ಅಲಗು ಒರೆಯಲ್ಲಿ ಹಿಡಿದುಕೊಂಡಿತ್ತು, ಎಷ್ಟು ಜಗ್ಗಿದರೂ ಬರಲಿಲ್ಲ. ರೈಲಿಗೆ ಹೊತ್ತಾಯಿತೆಂದು ಅವನು ನಗುತ್ತ ಒರೆಯನ್ನಷ್ಟೇ ಮುಟ್ಟಿ ಹೋದ. ಪೆಟ್ಟಿಗೆಯಲ್ಲಿ ತಿರುಗಿ ಬಂದ. ಅಂದಿನಿಂದ ಸಂಗೀನು ಟ್ರಂಕಿನ ತಳ ಸೇರಿತು. ಅದರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಎತ್ತುವಂತೆ ಮಾಡಿದ್ದು ಮಾಸ್ತರ ಮಗಳು. ತಾಯಿ ಸಣ್ಣಂದಿನಲ್ಲೇ ತೀರಿಕೊಂಡಿದ್ದಳು, ಆಯಿಯ ಸೆರಗು ಹಿಡಿದು ಬೆಳೆದ ಹುಡುಗಿ. ನನ್ನ ವಿದ್ಯಾರ್ಥಿನಿ ಕೂಡ. ಅಪ್ಪನಿಗೆ ಇದ್ದ ಅಂಜಿಕೆಯಲ್ಲಿ ಒಂದು ಚಿಟಿಕೆಯೂ ಅವಳಿಗೆ ಬಂದಿರಲಿಲ್ಲ. ಬೆಳಗಾದರೆ ರಾಮದುರ್ಗದ ರಸ್ತೆಯಲ್ಲಿ ಓಡುತ್ತಿದ್ದಳು, ಮೈ ಸಣ್ಣಗಾಗಲಿ ಎಂದು ಓಡುತ್ತಾಳೆಂದು ನಾವು ತಿಳಿದಿದ್ದೆವು. ಒಂದು ದಿನ ಗಡಿ ಕಾಯುವ ಪಡೆಗೆ ಆಯ್ಕೆಯಾದೆನೆಂದು ಪೇಢೆ ಹಂಚಿದಳು. ಮಾಸ್ತರು ಬಾಯಲ್ಲಿ ಪೇಢೆ ಇಟ್ಟುಕೊಂಡೇ ಅಂಗಳದ ನೆಲದ ಮೇಲೆ ಕುಳಿತರು.

ಆಯಿ ಒಂದೇ ಮಾತು ಹೇಳಿದರು. "ಬಿಚ್ಚಿದ ಸಂಗೀನ ಮುಟ್ಟದ ಈ ಮನಿಯಿಂದ ಇನ್ನ ಯಾರೂ ಹೋಗೂದಿಲ್ಲ. ಒಬ್ಬನ್ನ ಕಳಕೊಂಡೇನಿ. ಸಾಕು."

ಹುಡುಗಿ ನನ್ನ ಬಳಿ ಬಂದು ಕಣ್ಣೀರು ಹಾಕಿದಳು. "ಅಕ್ಕಾರ, ನನಗ ಅದರಾಗೆಲ್ಲ ನಂಬಿಕಿ ಇಲ್ಲ. ಆದ್ರ ಆಯಿನ ಅಳಿಸಿ ನಾ ಹೋಗೂದಿಲ್ಲ. ಅಪ್ಪ ಅದನ್ನ ತಗದ್ರ ಹೋಗತೇನಿ, ಇಲ್ಲಾಂದ್ರ ಇಲ್ಲ."

ಹೀಗೆ ಅವಳ ನೌಕರಿಯೆಲ್ಲ ತುಕ್ಕು ಹಿಡಿದ ಒಂದು ಚೂರಿಗೆ ಜೋತುಬಿತ್ತು. ಅದನ್ನು ಬಿಚ್ಚುವ ಜವಾಬ್ದಾರಿ ಬಿದ್ದದ್ದು, ಈಳಿಗೆಯ ಮೇಲೆ ಕುಂಬಳಕಾಯಿ ಹೆಚ್ಚುವಾಗಲೂ ಮುಖ ಆಚೆ ತಿರುಗಿಸುತ್ತಿದ್ದ ಮನುಷ್ಯನ ಮೇಲೆ.

ಹಳೆಯ ಆಯುಧಗಳನ್ನು ಸರಿಪಡಿಸುವವರು ಬೆಳಗಾವಿಯಲ್ಲಿ ಒಬ್ಬರಿದ್ದರು. ಅವರು ಫೋನಿನಲ್ಲಿ ಹೇಳಿದ ರೊಕ್ಕ ಕೇಳಿ ಮಾಸ್ತರು ಫೋನಿಟ್ಟರು. ರಾಮದುರ್ಗದ ವೆಲ್ಡಿಂಗ್ ಅಂಗಡಿಯೇ ಗತಿ ಎಂದಾಯಿತು. ಆದರೆ ಒಯ್ಯುವುದು ಹೇಗೆ? ಪೊಲೀಸರು ಹಿಡಿದರೆ? ಆಗ ಚುನಾವಣೆಯ ದಿನಗಳು, ದಾರಿಯಲ್ಲಿ ತಪಾಸಣೆ ನಡೆಯುತ್ತಿತ್ತು. ಮಾಸ್ತರು ಸಂಗೀನನ್ನು ಟವೆಲಿನಲ್ಲಿ ಸುತ್ತಿ, ಕರಿಹಲಗೆಯ ಮೇಲೆ ವೃತ್ತ ಬರೆಯುವ ಕಟ್ಟಿಗೆಯ ದೊಡ್ಡ ಕಂಪಾಸು, ಮೂಲೆಮಟ್ಟಗಳ ಜೊತೆಗೆ ಚೀಲದಲ್ಲಿ ಹಾಕಿದರು. ಧೈರ್ಯಕ್ಕೆ ನನ್ನನ್ನು ಕರೆದುಕೊಂಡರು. ಅಂಜಿಕೆ ನನಗೂ ಇತ್ತು, ಆದರೆ ಬಾಯಿ ಜೋರಿದ್ದವರಿಗೆ ಅಂಜುವ ಸೌಲಭ್ಯ ಇರುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಒಬ್ಬ ಪೊಲೀಸಪ್ಪ ಎದುರಿಗೆ ಬಂದ. ಮಾಸ್ತರು ಅಲ್ಲೇ ಸಿಮೆಂಟಿನ ಬೆಂಚಿನ ಮೇಲೆ ಕುಳಿತರು. ಅವನು ಬಗ್ಗಿ ಅವರ ಕಾಲು ಮುಟ್ಟಿದ. ನಮ್ಮದೇ ಶಾಲೆಯ ಹಳೆಯ ಹುಡುಗ.

"ಆರಾಮ ಇದ್ದೀರೇನ್ರಿ ಸರ್? ಚೀಲ ವಜ್ಜಿ ಐತಿ, ತರ್ರಿಲ್ಲೆ," ಎಂದು ಎತ್ತಿಕೊಂಡ. ಎತ್ತಿಕೊಂಡವನ ಕೈಗೆ ಏನೋ ಗಟ್ಟಿಯಾದದ್ದು ಹತ್ತಿತು. "ಏನ್ರಿ ಸರ್ ಇದು?"

"ಕಂಪಾಸ್," ಎಂದರು ಮಾಸ್ತರು. ಆಮೇಲೆ ಸುಳ್ಳು ಹೇಳಿದ ಅಂಜಿಕೆ ಅದಕ್ಕಿಂತ ದೊಡ್ಡದಾಗಿ, "ನಮ್ಮ ಅಜ್ಜನ ಸಂಗೀನ. ಒಳಗ ಹಿಡಕೊಂಡೈತಿ, ಹೊರಗ ಬರವಲ್ದು. ನನ್ನ ಒಯ್ಯಪಾ, ಅಕ್ಕಾರಿಗೆ ಏನೂ ಗೊತ್ತಿಲ್ಲ" ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟರು.

ಹುಡುಗ ಟವೆಲು ಸರಿಸಿ ಹಿಡಿ ಹಿಡಿದು ಜಗ್ಗಿ ನೋಡಿದ. ಮಿಸುಕಲಿಲ್ಲ. ನಕ್ಕ. "ಹೊರಗ ಬರಲಾರದ್ದಕ್ಕ ಯಾರ ಅಂಜತಾರ್ರಿ ಸರ್?"

ವೆಲ್ಡಿಂಗ್ ಅಂಗಡಿಯವನು ಒಂದು ಕಣ್ಣು ಹಾಯಿಸಿದ. "ಐದ ಮಿನಿಟಿನ ಕೆಲಸ್ರಿ. ಒರಿ ಸೀಳಿ ಒಗಿಯೂದು, ಅಲಗಿಗೆ ಗ್ರೈಂಡರ್ ಹಿಡಿಯೂದು. ಕನ್ನಡಿ ಹಂಗ ಹೊಳಿತೈತಿ," ಎಂದು ಗ್ರೈಂಡರ್ ಚಾಲೂ ಮಾಡಿದ. ಕಿಡಿ ಹಾರಿದವು. ಮಾಸ್ತರು ಅಲ್ಲಿದ್ದ ಹಳೆಯ ಟಾಯರಿನ ಮೇಲೆ ಕುಳಿತರು. ನಾನು ಅವರು ಹೆದರಿದರು ಎಂದುಕೊಂಡೆ. ಆದರೆ ಅವರು ಸಂಗೀನನ್ನು ಎದೆಗೆ ಅವಚಿಕೊಂಡು, "ಒರಿ ಸೀಳೂದು ಬ್ಯಾಡ. ನಮ್ಮ ಅಣ್ಣ ಮುಟ್ಟಿದ್ದು ಒರಿ ಒಂದs" ಎಂದರು. ತಿರುಗಿ ಊರಿಗೆ ಬಂದೆವು.

ಮರುದಿನದಿಂದ ಅವರ ಅಂಗಳದಲ್ಲಿ ಕೆಲಸ ಸುರುವಾಯಿತು. ಹೊಸದಾಗಿ ಕೊಂಡದ್ದು ಹೊಲಿಗೆ ಮಶೀನಿನ ಎಣ್ಣೆಯ ಸಣ್ಣ ಬಾಟಲಿ ಮಾತ್ರ. ಸಂಗೀನನ್ನು ಹಿಡಿ ಮೇಲಾಗಿ ಬಿಸಿಲಿನ ಗೋಡೆಗೆ ಆನಿಸಿ ನಿಲ್ಲಿಸುವುದು, ಒರೆಯ ಬಾಯಿಗೆ ಎಣ್ಣೆಯ ಹನಿ ಬಿಡುವುದು, ಅದು ಇಳಿಯುವ ತನಕ ಕಾಯುವುದು, ಕರಿಹಲಗೆಯ ಡಸ್ಟರಿನ ಕಟ್ಟಿಗೆಯಿಂದ ಮೆಲ್ಲಗೆ ಸುತ್ತಲೂ ತಟ್ಟುವುದು. ತಟ್ಟುವಾಗ ಮುಖ ಆಚೆ ತಿರುಗಿರುತ್ತಿತ್ತು. ಓಣಿಯ ಹೆಂಗಸರು ಹಿತ್ತಾಳೆ ಪಾತ್ರೆಯ ಲೆಕ್ಕದಲ್ಲಿ ಹುಣಸೆಹಣ್ಣು ಹಚ್ಚಿರಿ ಎಂದರು. ನಾನೂ ಅದನ್ನೇ ಹೇಳಿದೆ, ಮಾಸ್ತರು ಒಪ್ಪಲಿಲ್ಲ.

ಒಂದು ಮಧ್ಯಾಹ್ನ ಅವರು ಪಿನ್ನಿನಿಂದ ಒರೆಯ ಬಾಯಿ ಕೆದಕುತ್ತಿದ್ದಾಗ ಕಪ್ಪಗಿನ ಪುಡಿಯ ಜೊತೆಗೆ ಏನೋ ಉದುರಿತು. ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದರು. ಒಣಗಿ ಕಲ್ಲಾಗಿದ್ದ ನಿಂಬೆಹಣ್ಣಿನ ಬೀಜ.

"ಹುಳಿ ತಿಂದೈತ್ರಿ ಅಕ್ಕಾರ ಇದನ್ನ," ಎಂದರು ಮೆಲ್ಲಗೆ, ಆಯಿಗೆ ಕೇಳಿಸದಂತೆ. "ವರ್ಷಾ ವರ್ಷಾ ನಾವs ಉಣಿಸೇವಿ. ಒರಸಲಾರದ ಒಳಗ ಹಾಕೇವಿ. ನಮ್ಮ ಅಣ್ಣ ಹೋಗೂ ಹೊತ್ತಿಗೆ ಅದಕ್ಕs ಹಿಡಕೊಂಡಿತ್ತು."

ಯಾವುದಕ್ಕೆ ಅಂಜಿ ನಿಂಬೆಹಣ್ಣು ಕೊಯ್ಯುತ್ತ ಬಂದರೋ ಅದನ್ನೇ ಆ ನಿಂಬೆಹಣ್ಣು ಮನೆಗೆ ತಂದಿತ್ತಲ್ಲ ಎನಿಸಿತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಹೊತ್ತು ಆ ಬೀಜವನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಹುಡುಗಿ ಹೊರಡುವ ದಿನ ಹತ್ತಿರ ಬಂತು. ಅಲಗು ಹೊರಗೆ ಬರಲಿಲ್ಲ. ಆಯಿ ದಿನವೂ ಕೇಳುವರು, ಮಾಸ್ತರು ದಿನವೂ ತಲೆ ಅಲ್ಲಾಡಿಸುವರು. ಹುಡುಗಿ ಕಟ್ಟಿದ್ದ ಬ್ಯಾಗನ್ನು ಬಿಚ್ಚಿ ಬಟ್ಟೆಗಳನ್ನು ತಿರುಗಿ ಕಪಾಟಿಗೆ ಇಡತೊಡಗಿದಳು. ನನಗೆ ತಡೆಯದೆ, ನಾನೇ ಒಂದು ಕೈ ನೋಡುತ್ತೇನೆಂದು ಅವರ ಹಿತ್ತಿಲ ಬಾಗಿಲಿನಿಂದ ಅಂಗಳಕ್ಕೆ ಹೋದೆ. ಮಾಸ್ತರು ನನ್ನನ್ನು ನೋಡಲಿಲ್ಲ.

ಅವರ ಕೈಯಲ್ಲಿ ಸಂಗೀನಿತ್ತು. ಅಲಗು ಒಂದು ಗೇಣು ಹೊರಗಿತ್ತು. ಅವರು ಅದನ್ನು ಜಗ್ಗುತ್ತಿರಲಿಲ್ಲ, ತಿರುಗಿ ಒಳಗೆ ದೂಡುತ್ತಿದ್ದರು.

ನನ್ನ ನೆರಳು ಬಿದ್ದದ್ದೇ ಬೆಚ್ಚಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕೈಮುಗಿದರು. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಹೊರಗ ಬಂದ್ರ ಹುಡಗಿ ಹೋಗತಾಳ. ಒಳಗಿದ್ರ ಇಲ್ಲೇ ಇರತಾಳ."

"ಯಾವಾಗ ಸಡ್ಲ ಆತ್ರಿ?"

"ಬೀಜ ಬಿದ್ದ ಮರುದಿನಾನ."

ಅಷ್ಟು ದಿನವೂ ಅವರು ಸಡಿಲಾದ ಅಲಗನ್ನು ಒಳಗೆ ದೂಡಿ, ಮೇಲೆ ಡಸ್ಟರಿನಿಂದ ತಟ್ಟಿದಂತೆ ಮಾಡುತ್ತ ಕುಳಿತಿದ್ದರು. ಬೈಯಬೇಕೆಂದು ಹೊರಟೆ. ಆದರೆ ಆ ಹುಡುಗಿಯನ್ನು ಪೆಟ್ಟಿಗೆಯಲ್ಲಿ ನೆನೆಸಿಕೊಂಡೆ. ಅವರ ಅಂಜಿಕೆ ನನಗೂ ಹತ್ತಿತ್ತು. ಇಬ್ಬರೂ ಆ ಗೋಡೆಯ ಬುಡದಲ್ಲಿ ಕುಳಿತೆವು. ಒಳಗೆ ಹುಡುಗಿ ಆಯಿಯ ತಲೆಗೆ ಎಣ್ಣೆ ಹಚ್ಚುತ್ತ ಏನೋ ನಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ನಗೆಯೂ ನಿಂತಿತು.

ಮಾಸ್ತರು ಎದ್ದರು. ಅಂಜಿಕೆಯಾದಾಗ ಅವರು ಏಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಅಂಜಿಕಿ ನಂದ್ರಿ ಅಕ್ಕಾರ. ಅದನ್ನ ಆಕಿ ಕೊರಳಿಗೆ ಕಟ್ಟಬಾರ್ದು," ಎಂದವರೇ ಒಳಗೆ ಹೋದರು. ನಾನು ಹಿಂದೆ ಹೋದೆ.

ನಡುಮನೆಯಲ್ಲಿ ನಿಂತು ಎಲ್ಲರ ಎದುರಿಗೆ ಬಿಚ್ಚಿದರು. ಕೊನೆಯ ಬೆರಳಿನಷ್ಟು ಮಾತ್ರ ಕಿರ್ ಎಂದು ಸದ್ದಾಯಿತು. ಅಲಗು ಕಪ್ಪಗೆ, ಸಿಡುಬಿನ ಮುಖದ ಹಾಗೆ ಕುಳಿಬಿದ್ದಿತ್ತು. ಹುಡುಗಿ ಓಡಿಬಂದು ಅಪ್ಪನನ್ನು ತಬ್ಬಿಕೊಳ್ಳಲು ಹೋಗಿ, ಅಲಗು ನೋಡಿ ನಿಂತಳು. ಆಯಿ ನಿಂಬೆಹಣ್ಣು ಚಾಚಿದರು.

"ಬ್ಯಾಡವ್ವಾ," ಎಂದರು ಮಾಸ್ತರು. ಕಿಸೆಯಿಂದ ಬೀಜ ತೆಗೆದು ತಾಯಿಯ ಅಂಗೈಯಲ್ಲಿಟ್ಟರು. "ಇದs ಅದನ್ನ ತಿಂದದ್ದು. ಅಣ್ಣ ಹೋಗೂ ಮುಂದ ಬರಲಾರದಂಗ ಮಾಡಿದ್ದು ಇದs. ಇನ್ನ ಇದನ್ನ ಉಣಿಸಂಗಿಲ್ಲ."

ಆಯಿ ಬೀಜವನ್ನು ಬೆರಳಿನಿಂದ ತಡವಿದರು. ಅವರ ಮುಖ ನೋಡಲಾಗಲಿಲ್ಲ. ಆಮೇಲೆ, "ಉಣಿಸಲಿಲ್ಲಂದ್ರ ಒಳಗ ಹಾಕಾಕ ಬರೂದಿಲ್ಲಪಾ. ನಿನ್ನ ಅಜ್ಜನ ಮಾತು," ಎಂದರು.

"ಒಳಗ ಹಾಕೂದು ಬ್ಯಾಡ. ಆಕಿ ತಿರುಗಿ ಬರೂ ತನಕ ಹೊರಗs ಇರ್ಲಿ. ನಾ ಕಾಯತೇನಿ."

ಹುಡುಗಿ ಅಲಗು ಮುಟ್ಟಿದಳು, ಆಯಿಯ ಕಾಲು ಮುಟ್ಟಿದಳು, ಕಪಾಟಿನಿಂದ ಬಟ್ಟೆ ತೆಗೆದು ತಿರುಗಿ ಬ್ಯಾಗು ಕಟ್ಟಿದಳು. ಮರುದಿನ ಹೋದಳು.

ಆಮೇಲೆ ಮಾಸ್ತರು ನಿಧಾನವಾಗಿ ಆ ಅಲಗನ್ನು ಸರಿಪಡಿಸಿದರು. ಒಲೆಯ ಬೂದಿ ಜರಡಿ ಹಿಡಿದು ಎಣ್ಣೆಯಲ್ಲಿ ಕಲಸಿ, ಹಳೆಯ ಧೋತರದ ತುಂಡಿನಿಂದ ತಿಕ್ಕುವುದು. ಹಿಡಿಯ ಕಟ್ಟಿಗೆಗೆ ಅಗಸೆ ಎಣ್ಣೆ ಕುಡಿಸಿ ಬಿಸಿಲಿಗಿಡುವುದು. ಕುಳಿಗಳು ಹೋಗಲಿಲ್ಲ, ಹೊಳಪೂ ಅಷ್ಟಕ್ಕಷ್ಟೇ. ಆದರೆ ತುಕ್ಕು ನಿಂತಿತು. ಒರೆಯನ್ನು ಗೂಟಕ್ಕೆ ತೂಗುಹಾಕಿ, ಬರಿಯ ಅಲಗನ್ನು ಬಟ್ಟೆಯ ಮೇಲೆ ತಮ್ಮ ತಲೆದಿಂಬಿನ ಪಕ್ಕದ ಗೋಡೆಗೂಡಿನಲ್ಲಿಟ್ಟರು. ಚೂರಿ ಕಂಡರೆ ಮುಖ ತಿರುಗಿಸುತ್ತಿದ್ದವರು ಬೆಳಗೆದ್ದು ಮೊದಲು ಅದನ್ನು ಎಣ್ಣೆಬಟ್ಟೆಯಿಂದ ಒರೆಸುವರು, ಆಮೇಲೆ ಫೋನು ನೋಡುವರು. ಫೋನು ಬಡಿದರೆ ಕೂಡುವರು.

ಹುಡುಗಿ ಮೊದಲ ರಜೆಗೆ ಬಂದಾಗ ನಾನು, "ಬಂದ್ಲಲ್ರಿ, ಇನ್ನರ ಒಳಗ ಹಾಕ್ರಿ ಅದನ್ನ" ಎಂದೆ.

"ಇದು ರಜಾ ಅಕ್ಕಾರ. ತಿರುಗಿ ಬಂದಂಗಲ್ಲ."

"ಹಂಗಾರ ಆಕಿ ರಿಟಾಯರ್ ಆಗೂ ತನಕ ಕಾಯವರೇನ್ರಿ?"

"ಹೂನ್ರಿ," ಎಂದರು. ಚೇಷ್ಟೆಯ ಮಾತಿಗೆ ಅವರು ಅಷ್ಟು ಗಟ್ಟಿಯಾಗಿ ಉತ್ತರ ಕೊಟ್ಟದ್ದು ನೋಡಿ ನಾನು ನಗುವುದನ್ನು ನಿಲ್ಲಿಸಿದೆ.

ಅಷ್ಟು ಕಾಲ ಕಾಯಲಾಗಲಿಲ್ಲ. ಹೋದ ತಿಂಗಳು ಅವರ ತೊಡೆಯ ಮೇಲಿದ್ದದ್ದು ಆ ಎಣ್ಣೆಬಟ್ಟೆಯೇ. ಹುಡುಗಿ ಎರಡು ರೈಲು ಬದಲಿಸಿ ಬಂದಳು. ಕಾರ್ಯವೆಲ್ಲ ಮುಗಿದು, ಆಯಿಯನ್ನು ಮನೋಳಿಗೆ ಕೊಟ್ಟಿದ್ದ ಅವರ ಮಗಳು, ಮಾಸ್ತರ ತಂಗಿ, ತಮ್ಮ ಮನೆಗೆ ಕರೆದೊಯ್ಯುವುದೆಂದಾಯಿತು. ಹೊರಡುವ ದಿನ ಹುಡುಗಿ ಒಂದು ಕೈಯಲ್ಲಿ ಒರೆ, ಒಂದು ಕೈಯಲ್ಲಿ ಅಲಗು ಹಿಡಿದು ನಮ್ಮ ಮನೆಗೆ ಬಂದಳು. ಎರಡನ್ನೂ ಒಂದುಗೂಡಿಸುತ್ತಾಳೆಂದು ನಾನು ಕಾದೆ. ನಂಬಿಕೆಯಿಲ್ಲ ಎಂದಿದ್ದವಳಲ್ಲವೇ?

"ಅಕ್ಕಾರ, ನನಗ ಇದನ್ನ ಒಳಗ ಹಾಕಾಕ ಕೈ ಬರವಲ್ದು," ಎಂದಳು. ಸಮವಸ್ತ್ರದಲ್ಲಿದ್ದ ಆ ಹುಡುಗಿ ಅಲಗನ್ನು ನನ್ನತ್ತ ಚಾಚಿ, ಅವಳಪ್ಪನ ಹಾಗೆಯೇ ಮುಖ ಆಚೆ ತಿರುಗಿಸಿದಳು. "ಅಪ್ಪ ಇಷ್ಟ ದಿನಾ ಇಟ್ಟಾರ. ನೀವು ಇಟ್ಟಕೋರಿ. ದಿನಾ ಒರಸೂದು ಬ್ಯಾಡ, ವಾರಕ್ಕೊಮ್ಮೆ ಎಣ್ಣಿ ಹಚ್ಚಿದ್ರ ಸಾಕು."

ಈಗ ಅದು ನನ್ನ ಮನೆಯ ಗೋಡೆಗೂಡಿನಲ್ಲಿದೆ. ವಾರಕ್ಕೊಮ್ಮೆ ಎಂದು ಅವಳು ಹೇಳಿದ್ದು ನಿಜ, ನಾನು ದಿನವೂ ಒರೆಸುತ್ತೇನೆ. ಅಡುಗೆಗೆ ನಿಂಬೆಹಣ್ಣು ತಂದರೆ ಆ ಕೋಣೆಗೆ ಒಯ್ಯುವುದಿಲ್ಲ. ಊರವರಿಗೆ ಇದೊಂದೂ ಗೊತ್ತಿಲ್ಲ, ಅವರಿಗೆ ನಾನು ಇನ್ನೂ ಬಾಯಿ ಜೋರಿನ ಅಕ್ಕಾರೇ.

ನಿನ್ನೆ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಅವಳ ಹೆಸರು ಕಾಣಿಸಿತು. ಅವಳು ಕರೆಮಾಡುವ ಹೊತ್ತಲ್ಲ ಅದು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಅದು ಬಡಿಯುತ್ತಿರುವಂತೆಯೇ, ನಾನು ಮೊದಲು ನೆಲದ ಮೇಲೆ ಕುಳಿತೆ. ಆಮೇಲೆ ಎತ್ತಿದೆ.

"ಅಕ್ಕಾರ, ಊಟಾ ಆತೇನ್ರಿ?" ಎಂದಳು ಹುಡುಗಿ.